ರಾಹುಕಾಲ: ಗೋಡೆ ಕ್ಯಾಲೆಂಡರ್ 10.30 ಅನ್ನುತ್ತೆ, ಆ್ಯಪ್ 10.56 ಅನ್ನುತ್ತೆ. ಯಾವುದನ್ನು ನಂಬೋದು?

ಕಟ್ಟೆಪುರಾಣ ಕೇಳಿದ್ದು:

ಬೆಂಗಳೂರು, ಜನವರಿ ಮೊದಲ ವಾರ, ಶುಕ್ರವಾರ. ಗೋಡೆ ಕ್ಯಾಲೆಂಡರ್ ಪ್ರಕಾರ ರಾಹುಕಾಲ 10.30ರಿಂದ 12. ಫೋನಿನ ಒಂದು ಆ್ಯಪ್‌ನಲ್ಲಿ 10.56ರಿಂದ 12.22. ಇನ್ನೊಂದು ಆ್ಯಪ್ ಅದಕ್ಕೂ ಮೂರ್ನಾಲ್ಕು ನಿಮಿಷ ಹೆಚ್ಚುಕಮ್ಮಿ ತೋರಿಸುತ್ತೆ.

ಜನ ಪಾಲಿಸೋದು ಮಾತ್ರ ನಿಮಿಷಕ್ಕೆ ನಿಮಿಷ. ಗಾಡಿ ಶೋರೂಮಿನಲ್ಲಿ ಕೀ ಕೈಗೆ ಬಂದಿದ್ರೂ 12.01 ಆಗೋವರೆಗೆ ನಿಂಬೆಹಣ್ಣು ಹಿಡ್ಕೊಂಡು ಕೂತಿರ್ತಾರೆ. ಆ್ಯಪ್ ಸರಿ ಅಂತಾದ್ರೆ, ಅಷ್ಟು ಹೊತ್ತು ಕಾದು ಅವರು ಗಾಡಿ ತೆಗೆದದ್ದು ರಾಹುಕಾಲದ ಒಳಗೇ!

ನಂಬಬೇಕೋ ಬಿಡಬೇಕೋ ಅನ್ನೋ ಉಪದೇಶ ಬೇಡ. ಲೆಕ್ಕ ಹೇಗೆ, ಎರಡೂ ಯಾಕೆ ಬೇರೆ ಬರುತ್ತೆ, ಇದರ ಪರಿಣಾಮವನ್ನು ಪರೀಕ್ಷೆ ಮಾಡಿ ನೋಡೋಕೆ ದಾರಿ ಇದೆಯಾ? ತಿಳಿದವರು ಹೇಳಿ.

---

ಗಳಿಗೆಬಟ್ಟಲು:

ಎರಡೂ ಒಂದೇ ಸೂತ್ರದಿಂದ ಹುಟ್ಟಿದವು. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು ಎಂಟು ಸಮಪಾಲು ಮಾಡಿ. ಸೋಮವಾರಕ್ಕೆ ಎರಡನೇ ಪಾಲು, ಶನಿವಾರಕ್ಕೆ ಮೂರನೆಯದು, ಶುಕ್ರವಾರಕ್ಕೆ ನಾಲ್ಕು, ಬುಧವಾರಕ್ಕೆ ಐದು, ಗುರುವಾರಕ್ಕೆ ಆರು, ಮಂಗಳವಾರಕ್ಕೆ ಏಳು, ಭಾನುವಾರಕ್ಕೆ ಎಂಟು. ಮೊದಲ ಪಾಲು ಯಾವ ವಾರಕ್ಕೂ ಇಲ್ಲ. ಇದನ್ನು ನೆನಪಿಡೋಕೆ ಬಾಯಿಂದ ಬಾಯಿಗೆ ಬಂದಿರೋದು ಶ್ಲೋಕ ಅಂದ್ಕೊಂಡ್ರಾ? ಇಂಗ್ಲಿಷ್ ವಾಕ್ಯ: ‘ಮದರ್ ಸಾ ಫಾದರ್ ವೇರಿಂಗ್ ದ ಟರ್ಬನ್ ಸಡನ್ಲಿ’. ಮೊದಲಕ್ಷರಗಳನ್ನು ಇಂಗ್ಲಿಷ್ ವಾರಗಳಿಗೆ ಹೊಂದಿಸಿದರೆ ಇದೇ ಸಾಲು ಸಿಗುತ್ತೆ.

ಗೋಡೆ ಕ್ಯಾಲೆಂಡರಿನ ಕೋಷ್ಟಕ ಮಾಡಿದವರು ಸೂರ್ಯ ದಿನಾ 6ಕ್ಕೆ ಹುಟ್ಟಿ 6ಕ್ಕೆ ಮುಳುಗುತ್ತಾನೆ ಅಂತ ಇಟ್ಟುಕೊಂಡರು. ಹನ್ನೆರಡು ಗಂಟೆ ಭಾಗಿಸು ಎಂಟು, ಒಂದೂವರೆ ಗಂಟೆ. ನೆನಪಿಡೋಕೆ ಸುಲಭ, ಅಚ್ಚು ಹಾಕೋಕೂ ಸುಲಭ.

ಈಗ ನಿಮ್ಮ ಶುಕ್ರವಾರ. ಜನವರಿ ಮೊದಲ ವಾರ ಬೆಂಗಳೂರಿನಲ್ಲಿ ಸೂರ್ಯೋದಯ ಸುಮಾರು 6.40, ಸೂರ್ಯಾಸ್ತ ಸುಮಾರು 6.04. ಹಗಲು 11 ಗಂಟೆ 24 ನಿಮಿಷ, ಅಂದರೆ 684 ನಿಮಿಷ. ಒಂದು ಪಾಲು ಎಂಬತ್ತೈದೂವರೆ ನಿಮಿಷ. ಮೂರು ಪಾಲು ಕಳೆದ ಮೇಲೆ, 6.40ಕ್ಕೆ ಇನ್ನೂರೈವತ್ತಾರೂವರೆ ನಿಮಿಷ ಕೂಡಿಸಿದರೆ 10.56 ದಾಟುತ್ತೆ. ನಾಲ್ಕನೇ ಪಾಲು ಮುಗಿಯೋದು 12.22ಕ್ಕೆ. ನಿಮ್ಮ ಮೊದಲ ಆ್ಯಪ್ ಲೆಕ್ಕ ಮಾಡಿಯೇ ಹೇಳಿದೆ. ಅದೇ ವಾರದ ಸೋಮವಾರ 8.05ರಿಂದ 9.31. ‘ರಾಹುಕಾಲ ಮುಗೀತು’ ಅಂತ 9 ಹೊಡೆದ ಕೂಡಲೇ ಅಂಗಡಿ ಬಾಗಿಲು ತೆಗೆಯುವವರು ಸೂತ್ರದ ಪ್ರಕಾರ ಇನ್ನೂ ಅರ್ಧ ಗಂಟೆ ಕಾಯಬೇಕಿತ್ತು. ಇತ್ತ 7.30ರಿಂದ 8.05ರವರೆಗೆ ಸುಮ್ಮನೆ ಕೂತದ್ದು ದಂಡ.

ವ್ಯತ್ಯಾಸಕ್ಕೆ ದೊಡ್ಡ ಕಾರಣ ಗಡಿಯಾರ. ಭಾರತೀಯ ಕಾಲಮಾನ ಇರೋದು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ, ಬೆಂಗಳೂರು ಇರೋದು 77.6ರಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ಸೂರ್ಯ ಗಡಿಯಾರಕ್ಕಿಂತ ಸರಾಸರಿ 20 ನಿಮಿಷ ಹಿಂದೆ. ಮಂಗಳೂರಿಗೆ ಇನ್ನೂ 11 ನಿಮಿಷ ಸೇರಿಸಿ. ಇದರ ಮೇಲೆ ಋತುವಿನ ಏರುಪೇರು ಬೇರೆ: ಬೆಂಗಳೂರಿನಲ್ಲಿ ನಿಜವಾದ ನಡುಹಗಲು ನವೆಂಬರ್ ಮೊದಲಲ್ಲಿ 12.03ಕ್ಕೆ ಬಂದರೆ ಫೆಬ್ರುವರಿ ನಡುವೆ 12.34ರವರೆಗೆ ಹೋಗುತ್ತೆ. 12ಕ್ಕೆ ಸರಿಯಾಗಿ ಯಾವತ್ತೂ ಬರೋದಿಲ್ಲ. ಹಾಗಾಗಿ ಆ ಕೋಷ್ಟಕ ಬೆಂಗಳೂರಿಗೆ ವರ್ಷದ ಒಂದೇ ಒಂದು ದಿನವೂ ಪೂರ್ತಿ ಹೊಂದೋದಿಲ್ಲ. ಕಾಕಿನಾಡದ ಕಡೆ, ಹಗಲು ರಾತ್ರಿ ಸಮ ಇರೋ ಮಾರ್ಚ್, ಸೆಪ್ಟೆಂಬರ್‌ನಲ್ಲಿ ಹತ್ತು ನಿಮಿಷದೊಳಗೆ ಬರಬಹುದು.

ಭಾರತೀಯ ಕಾಲಮಾನ ಜಾರಿಗೆ ಬಂದದ್ದೇ 1906ರಲ್ಲಿ. ಎರಡನೇ ಮಹಾಯುದ್ಧದ ಹೊತ್ತಿಗೆ, 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್‌ವರೆಗೆ, ಸರ್ಕಾರ ಗಡಿಯಾರವನ್ನು ಇನ್ನೂ ಒಂದು ಗಂಟೆ ಮುಂದಕ್ಕೆ ತಳ್ಳಿತ್ತು. ಗೋಡೆಯ ಕೋಷ್ಟಕವನ್ನು ಅಕ್ಷರಶಃ ನಂಬೋದಾದ್ರೆ ರಾಹುವೂ ಆ ಆದೇಶ ಪಾಲಿಸಿದ ಅಂತ ಒಪ್ಪಬೇಕಾಗುತ್ತೆ.

ಎರಡು ಆ್ಯಪ್‌ಗಳ ನಡುವಿನ ವ್ಯತ್ಯಾಸಕ್ಕೆ ಒಂದು ಕಾರಣ ಸೂರ್ಯೋದಯ ಅಂದರೆ ಏನು ಅನ್ನೋದು. ಬಿಂಬದ ಮೇಲಂಚು ಕಣ್ಣಿಗೆ ಬಿದ್ದದ್ದೇ ಉದಯ ಅಂತ ಕೆಲವರು ತಗೋತಾರೆ. ಬಿಂಬದ ನಡುಭಾಗ ದಿಗಂತಕ್ಕೆ ಬರಬೇಕು, ಗಾಳಿಯಲ್ಲಿ ಬೆಳಕು ಬಾಗೋದನ್ನು ಲೆಕ್ಕಕ್ಕೆ ಹಿಡಿಯಬಾರದು ಅಂತ ಇನ್ನು ಕೆಲವರು. ಇದರಿಂದ ಸೂರ್ಯೋದಯ ಮೂರ್ನಾಲ್ಕು ನಿಮಿಷ ಸರಿದರೂ ಶುಕ್ರವಾರದ ಪಾಲು ಸರಿಯೋದು ಒಂದು ನಿಮಿಷದೊಳಗೆ. ಅದಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಆ್ಯಪ್‌ನಲ್ಲಿ ಊರು ಯಾವುದಿದೆ ನೋಡಿ. ಲೊಕೇಶನ್ ಆಫ್ ಇದ್ದಾಗ ತಾನಾಗಿ ಯಾವುದೋ ಊರು ಹಿಡಿದು ಕೂತಿರುತ್ತೆ.

ಆ್ಯಪ್ ಬೇಡ ಅಂದ್ರೆ ಬಿಸಿಲಿಗೆ ಒಂದು ನೆಟ್ಟನೆ ಕೋಲು ಸಾಕು. 11.45ರಿಂದ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಚಾಕ್‌ಪೀಸಿನಲ್ಲಿ ಗುರುತು ಹಾಕ್ತಾ ಹೋಗಿ. ನೆರಳು ಅತಿ ಗಿಡ್ಡ ಆದ ಗಳಿಗೆ ನಿಜವಾದ ನಡುಹಗಲು. ಶುಕ್ರವಾರದ ರಾಹುಕಾಲ ಅಲ್ಲಿಗೆ ಮುಗಿಯುತ್ತೆ, ಬುಧವಾರದ್ದು ಅಲ್ಲಿಂದ ಶುರು. ಕೋಲು ಓರೆಯಾಗಿದ್ದರೆ ಗುರುತು ತಪ್ಪುತ್ತೆ, ತೂಗುಗುಂಡು ಇಳಿಬಿಟ್ಟು ನೋಡಿಕೊಳ್ಳಿ.

---

ಸಂದಿಗೊಂದಿ:

ಲೆಕ್ಕ ಸರಿ ಮಾಡಿಕೊಂಡ್ರೂ ತಲೆನೋವು ತಪ್ಪಲ್ಲ. ಗುಜರಾತಿ, ಮಾರ್ವಾಡಿ ವ್ಯಾಪಾರಿಗಳು ನೋಡೋದು ಚೋಘಡಿಯಾ. ಅದೂ ಹಗಲನ್ನು ಎಂಟೇ ಪಾಲು ಮಾಡುತ್ತೆ, ಅದೇ ಉದಯಾಸ್ತ, ಅದೇ ಗೆರೆಗಳು. ಪಾಲುಗಳಿಗೆ ಹೆಸರು ಉದ್ವೇಗ, ಚಲ, ಲಾಭ, ಅಮೃತ, ಕಾಲ, ಶುಭ, ರೋಗ. ಏಳು ಹೆಸರು ಮುಗಿದ ಮೇಲೆ ಎಂಟನೇ ಪಾಲಿಗೆ ಮೊದಲನೆಯದೇ ಮತ್ತೆ ಬರುತ್ತೆ. ಭಾನುವಾರ ಉದ್ವೇಗದಿಂದ ಶುರು, ಸೋಮವಾರ ಅಮೃತದಿಂದ, ಮಂಗಳವಾರ ರೋಗದಿಂದ, ಹೀಗೆ.

ಎರಡೂ ಪಟ್ಟಿ ಅಕ್ಕಪಕ್ಕ ಇಟ್ಟು ನೋಡಿ. ಸೋಮವಾರ, ಶುಕ್ರವಾರದ ರಾಹುಕಾಲ ಅವರ ‘ಕಾಲ’. ಬುಧವಾರ, ಶನಿವಾರ ‘ರೋಗ’. ಭಾನುವಾರ ‘ಉದ್ವೇಗ’. ಐದು ದಿನ ಇಬ್ಬರಿಗೂ ಜಗಳವಿಲ್ಲ. ಮಂಗಳವಾರದ ಏಳನೇ ಪಾಲಿಗೆ ಬನ್ನಿ: ನಮಗೆ ರಾಹುಕಾಲ, ಅವರಿಗೆ ‘ಶುಭ’. ಗುರುವಾರದ ಆರನೆಯದು ನಮಗೆ ರಾಹುಕಾಲ, ಅವರಿಗೆ ಸಾಕ್ಷಾತ್ ‘ಅಮೃತ’. ಚಿಕ್ಕಪೇಟೆಯಲ್ಲಿ ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಗಲ್ಲಾಪೆಟ್ಟಿಗೆಯ ಆಚೆ ಅಮೃತ, ಈಚೆ ರಾಹು. ನಡುವೆ ಒಂದು ಕೌಂಟರ್ ಅಷ್ಟೆ. ಮದುವೆ ಸೀರೆ ತಗೊಳ್ಳೋಕೆ ಬಂದವರು ‘ಮೂರು ಗಂಟೆ ಆಗ್ಲಿ, ಆಮೇಲೆ ಬಿಲ್ ಹಾಕಿ’ ಅಂತಾರೆ. ಆ ಮೂರರ ನಂತರದ ಪಾಲಿಗೆ ಅವರ ಪಟ್ಟಿಯಲ್ಲಿ ಹೆಸರು ‘ಕಾಲ’! ಎರಡನ್ನೂ ಪಾಲಿಸುವ ಜಾಣರೂ ಇದ್ದಾರೆ, ಅವರಿಗೆ ವಾರದಲ್ಲಿ ಉಳಿಯೋ ಹೊತ್ತು ಎಷ್ಟು ಅಂತ ಅವರೇ ಹೇಳಬೇಕು.

ಇನ್ನು ಚುನಾವಣೆ ನಾಮಪತ್ರ. ಸಲ್ಲಿಸೋ ಹೊತ್ತು ಬೆಳಿಗ್ಗೆ 11ರಿಂದ ಮಧ್ಯಾಹ್ನ 3, ಬರೀ ನಾಲ್ಕು ಗಂಟೆ. ಕೋಷ್ಟಕದಂತೆ ಬುಧವಾರ ನಡುವಿನ ಒಂದೂವರೆ ಗಂಟೆ ಹೋಯ್ತು, ಗುರುವಾರ ಕೊನೆಯ ಒಂದೂವರೆ ಗಂಟೆ ಹೋಯ್ತು, ಶುಕ್ರವಾರ ಮೊದಲ ಗಂಟೆ ಹೋಯ್ತು. ಮಂಗಳವಾರ ಆ ಹೊತ್ತಿಗೆ ರಾಹುಕಾಲದ ಕಾಟ ಇಲ್ಲ, ಆದರೆ ಮಂಗಳವಾರ ಅನ್ನೋದೇ ಕಾಟ. ಕಾನೂನು ಒಬ್ಬ ಅಭ್ಯರ್ಥಿಗೆ ಒಂದು ಕ್ಷೇತ್ರದಲ್ಲಿ ನಾಲ್ಕು ಸೆಟ್ ನಾಮಪತ್ರದವರೆಗೆ ಅವಕಾಶ ಕೊಟ್ಟಿದೆ, ಸೂಚಕರು ಕೊಟ್ಟರೂ ನಡೆಯುತ್ತೆ. ಹಾಗಾಗಿ ಒಂದು ಸೆಟ್ ಮುಹೂರ್ತಕ್ಕೆ ಸದ್ದಿಲ್ಲದೆ, ಇನ್ನೊಂದು ಸೆಟ್ ಮೆರವಣಿಗೆ, ಡೊಳ್ಳು, ಹಾರದ ಸಮೇತ ಟೀವಿಯವರಿಗೆ. ಎದುರಾಳಿಯ ಜೋಯಿಸರೂ ಅದೇ ಪಂಚಾಂಗ ನೋಡೋದರಿಂದ ಶುಭ ಗಳಿಗೆಗೆ ಸರಿಯಾಗಿ ಚುನಾವಣಾಧಿಕಾರಿ ಕಚೇರಿ ಮುಂದೆ ಕ್ಯೂ. ಐದು ಜನ ಒಂದೇ ಗಳಿಗೆಯಲ್ಲಿ ಕೊಟ್ಟರೂ ಗೆಲ್ಲೋದು ಒಬ್ಬರೇ.

---

ಪಂಚಾಂಗಪ್ರಿಯ:

ತಾವೆಲ್ಲ ಆಡಿಕೊಳ್ಳುವ ಭರದಲ್ಲಿ ಶಾಸ್ತ್ರದ ತಲೆಗೇ ಎಲ್ಲ ತಪ್ಪನ್ನೂ ಕಟ್ಟಬೇಡಿ. ಪಂಚಾಂಗ ಎಂದರೆ ತಿಥಿ, ವಾರ, ನಕ್ಷತ್ರ, ಯೋಗ, ಕರಣ. ರಾಹುಕಾಲ ಆ ಐದರಲ್ಲಿ ಇಲ್ಲ. ಮುಹೂರ್ತ ಇಡುವವರು ಲಗ್ನ, ತಾರಾಬಲ, ಚಂದ್ರಬಲ ನೋಡಿದ ಮೇಲೆ ಕಡೆಗೆ ಇದನ್ನು ನೋಡುತ್ತಾರೆ. ಜನಕ್ಕೆ ಮಾತ್ರ ಇದೊಂದೇ ಗೊತ್ತು, ಏಕೆಂದರೆ ಕ್ಯಾಲೆಂಡರಿನ ಪ್ರತಿ ಹಾಳೆಯ ಕೆಳಗೆ ಅಚ್ಚಾಗಿರುವುದು ಇದು.

ಅಭಿಜಿತ್ ಮುಹೂರ್ತವನ್ನೂ ಸೇರಿಸಿಕೊಳ್ಳಿ. ಹಗಲನ್ನು ಹದಿನೈದು ಭಾಗ ಮಾಡಿದಾಗ ಎಂಟನೆಯದು, ನಡುಹಗಲಿನ ಅತ್ತ ಇತ್ತ ಸುಮಾರು 24 ನಿಮಿಷ. ಸಕಲ ದೋಷಗಳನ್ನೂ ಕಳೆಯುತ್ತದೆ ಎಂದು ಹೆಸರು. ಬುಧವಾರ ಮಾತ್ರ ಹಿಡಿಯುವುದಿಲ್ಲ. ಶುಕ್ರವಾರ ನಡುಹಗಲಿಗೆ ಮುಂಚಿನ ಆ 24 ನಿಮಿಷ ಏಕಕಾಲಕ್ಕೆ ರಾಹುಕಾಲವೂ ಹೌದು, ಅಭಿಜಿತ್ತೂ ಹೌದು. ಯಾವುದು ಮೇಲು ಎಂದು ಕೇಳಿದರೆ ಇಬ್ಬರು ಪುರೋಹಿತರಿಂದ ಮೂರು ಉತ್ತರ ಬರುತ್ತದೆ, ಅದನ್ನು ಒಪ್ಪುತ್ತೇನೆ.

ರಾಹುಕಾಲವೆಂದರೆ ಬರೀ ಬಾಗಿಲು ಹಾಕಿಕೊಳ್ಳುವ ಹೊತ್ತೂ ಅಲ್ಲ. ದೇವಿ ಪೂಜೆಗೆ ಅದೇ ಪ್ರಶಸ್ತ. ಬೆಂಗಳೂರಿನ ಬನಶಂಕರಿ ದೇವಸ್ಥಾನದಲ್ಲಿ ಮಂಗಳವಾರ, ಶುಕ್ರವಾರ ನಿಂಬೆಹಣ್ಣಿನ ದೀಪ ಹಚ್ಚುವವರ ಸಾಲು ನೋಡಿ. ಹಣ್ಣನ್ನು ಅಡ್ಡಕ್ಕೆ ಕೊಯ್ದು, ರಸ ಹಿಂಡಿ, ಹೋಳನ್ನು ಒಳಮೈ ಹೊರಗೆ ಬರುವಂತೆ ತಿರುವಿದರೆ ಪುಟ್ಟ ಹಣತೆಯಾಗುತ್ತದೆ. ತುಪ್ಪವೋ ಎಣ್ಣೆಯೋ ಹಾಕಿ ಬತ್ತಿ ಇಡುವುದು. ಸಿಪ್ಪೆ ದಪ್ಪವಿದ್ದರೆ ತಿರುವುವಾಗ ಸೀಳುತ್ತದೆ, ತೆಳು ಸಿಪ್ಪೆಯ ಹಳದಿ ಹಣ್ಣೇ ಬೇಕು. ರಸ ಪೂರ್ತಿ ಹಿಂಡದಿದ್ದರೆ ಬತ್ತಿ ಚಟಪಟ ಅಂದು ಆರುತ್ತದೆ.

---

ಗಳಿಗೆಬಟ್ಟಲು:

@ಪಂಚಾಂಗಪ್ರಿಯ, ಐದು ಅಂಗಗಳಲ್ಲಿ ಇಲ್ಲ ಅನ್ನೋದನ್ನು ಎತ್ತಿದ್ದು ಒಳ್ಳೆಯದಾಯ್ತು. ಇನ್ನೊಂದು ವಿಚಿತ್ರವನ್ನೂ ಸೇರಿಸಿ: ರಾಹುಕಾಲದ ಲೆಕ್ಕದಲ್ಲಿ ರಾಹುವೇ ಇಲ್ಲ. ರಾಹು ಅಂದರೆ ಚಂದ್ರನ ದಾರಿ ಸೂರ್ಯನ ದಾರಿಯನ್ನು ಕತ್ತರಿಸುವ ಬಿಂದು, ಹಿಮ್ಮುಖವಾಗಿ ಸರಿಯುತ್ತಾ ಒಂದು ಸುತ್ತಿಗೆ 18.6 ವರ್ಷ ತಗೊಳ್ಳುತ್ತೆ. ಗ್ರಹಣದ ಲೆಕ್ಕಕ್ಕೆ ಅದು ನಿಜಕ್ಕೂ ಬೇಕು. ಆದರೆ ಮೇಲಿನ ಸೂತ್ರದಲ್ಲಿ ಇರೋದು ಸೂರ್ಯ, ವಾರದ ಹೆಸರು, ಎಂಟು ಅನ್ನೋ ಭಾಜಕ, ಇಷ್ಟೇ. ರಾಹು ಮೇಷದಲ್ಲಿರಲಿ ಮೀನದಲ್ಲಿರಲಿ ಸೋಮವಾರಕ್ಕೆ ಎರಡನೇ ಪಾಲೇ. ಗುಳಿಕ ಕಾಲಕ್ಕೆ ಒಂದು ಕ್ರಮವಾದರೂ ಇದೆ: ಶನಿವಾರ ಒಂದನೇ ಪಾಲು, ಶುಕ್ರವಾರ ಎರಡು, ಗುರುವಾರ ಮೂರು, ಹೀಗೆ ಹಿಂದಕ್ಕೆ ಎಣಿಸುತ್ತಾ ಭಾನುವಾರಕ್ಕೆ ಏಳು. ಯಮಗಂಡವೂ ಹಾಗೇ, ಗುರುವಾರದಿಂದ ಶುರು. ರಾಹುವಿನ ಸಾಲಿನಲ್ಲಿ ಆ ಥರದ ಓಟ ಕಾಣಿಸೋದಿಲ್ಲ, ಅದಕ್ಕೇ ಅಪ್ಪನ ರುಮಾಲು ಬೇಕಾಗಿ ಬಂದದ್ದು.

ನಿಂಬೆ ದೀಪಕ್ಕೂ ಕೋಷ್ಟಕದ ತೊಂದರೆ ಇದೆ. ಜನವರಿಯ ಮಂಗಳವಾರ ಏಳನೇ ಪಾಲು ಶುರುವಾಗೋದು 3.13ಕ್ಕೆ. 3 ಹೊಡೆದ ಕೂಡಲೇ ಹಚ್ಚಿದ ದೀಪ ರಾಹುಕಾಲಕ್ಕಿಂತ ಮುಂಚಿನದು.

---

ಎಣಿಕೆಗಾರ:

ಪರೀಕ್ಷೆ ಬಗ್ಗೆ ಕೇಳಿದ್ರಲ್ಲ, ಅದಕ್ಕೆ ಬರ್ತೀನಿ.

ಮೊದಲು ಗೊತ್ತಿರಬೇಕಾದ್ದು: ಹಗಲಿನ ಎಂಟನೇ ಒಂದು ಪಾಲು ರಾಹುಕಾಲ. ಹಗಲಿನಲ್ಲಿ ಹೇಗೆಂದರೆ ಹಾಗೆ ಆಗುವ ಎಂಟು ಕೆಟ್ಟ ಸಂಗತಿಗಳಲ್ಲಿ ಸರಾಸರಿ ಒಂದು ತಾನಾಗಿ ಅದರೊಳಗೆ ಬೀಳುತ್ತೆ. ಯಮಗಂಡ, ಗುಳಿಕ ಸೇರಿಸಿದರೆ ಎಂಟರಲ್ಲಿ ಮೂರು. ಹೊರಗೆ ಬಿದ್ದ ಐದನ್ನು ಯಾರೂ ಎಣಿಸಲ್ಲ. ಕೋಷ್ಟಕದ ಹೊತ್ತೂ ಸೂತ್ರದ ಹೊತ್ತೂ ಎರಡೂ ಕೈಲಿದ್ದರಂತೂ ಯಾವುದಕ್ಕೆ ಬಿತ್ತೋ ಅದನ್ನು ತೋರಿಸಬಹುದು.

ಚಾಮರಾಜನಗರಕ್ಕೆ ಹೋದ ಮುಖ್ಯಮಂತ್ರಿ ಕುರ್ಚಿ ಕಳ್ಕೋತಾರೆ ಅನ್ನೋ ಮಾತು ಇದೇ ಗಣಿತದ ಕೂಸು. ಕರ್ನಾಟಕದಲ್ಲಿ ಐದು ವರ್ಷ ಪೂರೈಸಿದ ಮುಖ್ಯಮಂತ್ರಿಗಳೇ ಬೆರಳೆಣಿಕೆ. ಯಾವ ಜಿಲ್ಲೆಯ ಹೆಸರು ಹಾಕಿದ್ರೂ ‘ಹೋದ್ರು, ಕುರ್ಚಿ ಕಳ್ಕೊಂಡ್ರು’ ಅನ್ನೋ ಪಟ್ಟಿ ತಯಾರಾಗುತ್ತೆ. ಸಿದ್ದರಾಮಯ್ಯ ಮುಖ್ಯಮಂತ್ರಿಯಾಗಿ ಪದೇಪದೇ ಅಲ್ಲಿಗೆ ಹೋಗಿ 2013ರಿಂದ 2018ರ ಅವಧಿ ಪೂರ್ತಿ ಮುಗಿಸಿದರು. ಆದರೂ ಮಾತು ನಿಂತಿಲ್ಲ.

ಹಳೆಯ ದಾಖಲೆ ತೆಗೆದು ಲೆಕ್ಕ ಹಾಕ್ತೀವಿ ಅಂದ್ರೆ ಅಲ್ಲೊಂದು ಗುಂಡಿ ಇದೆ. ಆಸ್ಪತ್ರೆಯ ಆಪರೇಷನ್ ರಿಜಿಸ್ಟರ್ ತಗೊಳ್ಳಿ. ದಿನ ಗೊತ್ತು ಮಾಡಿ ಮಾಡುವ ಆಪರೇಷನ್‌ಗಳಲ್ಲಿ ಮನೆಯವರು ಹೇಳಿಕೇಳಿ ರಾಹುಕಾಲ ತಪ್ಪಿಸಿರ್ತಾರೆ. ಅಪಘಾತ, ಒಡೆದ ಅಪೆಂಡಿಕ್ಸ್ ಕಾಯೋದಿಲ್ಲ. ಹಾಗಾಗಿ ರಾಹುಕಾಲದಲ್ಲಿ ಶುರುವಾದ ಆಪರೇಷನ್‌ಗಳಲ್ಲಿ ತುರ್ತಿನವು ಹೆಚ್ಚು, ಫಲಿತಾಂಶವೂ ಕೆಟ್ಟದಾಗಿ ಕಾಣುತ್ತೆ. ನಂಬಿಕೆಯೇ ತನಗೆ ಬೇಕಾದ ಸಾಕ್ಷಿಯನ್ನು ತಯಾರು ಮಾಡಿಕೊಂಡಂತಾಯ್ತು. ಅಂಗಡಿ ಉದ್ಘಾಟನೆ, ಮದುವೆ ದಾಖಲೆಗಳಿಗೂ ಇದೇ ರೋಗ: ರಾಹುಕಾಲದಲ್ಲಿ ಮಾಡಿದವರು ಮೊದಲೇ ಬೇರೆ ಥರದ ಜನ.

ಆದ್ದರಿಂದ ಹೊತ್ತನ್ನು ಜನ ಆರಿಸಬಾರದು, ನಾಣ್ಯ ಆರಿಸಬೇಕು. ಯಾರಿಗೂ ತೊಂದರೆಯಿಲ್ಲದ ಪರೀಕ್ಷೆ ಅಂದರೆ ರಾಗಿ ಮೊಳಕೆ. ಒಂದೇ ಚೀಲದ ಬಿತ್ತನೆ ರಾಗಿ 400 ಕಾಳು ಎಣಿಸಿ, ಚೆನ್ನಾಗಿ ಕಲಸಿ, 200ರ ಎರಡು ಪೊಟ್ಟಣ ಮಾಡಿ. ಯಾವ ಪೊಟ್ಟಣ ರಾಹುಕಾಲಕ್ಕೆ ಅನ್ನೋದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿ. ಒಂದೇ ಅಳತೆಯ ಎರಡು ಟ್ರೇ, ಒಂದೇ ಮಣ್ಣು, ನೀರು ಎರಡಕ್ಕೂ ಹಿಂದಿನ ರಾತ್ರಿಯೇ ಹಾಕಿಡಿ. ಮಂಗಳವಾರ 3.30ರಿಂದ 4.15ರೊಳಗೆ ಒಂದನ್ನು ಬಿತ್ತಿ. ಜನವರಿಯ ಬೆಂಗಳೂರಿನಲ್ಲಿ ಅದು ಕೋಷ್ಟಕಕ್ಕೂ ಸೂತ್ರಕ್ಕೂ ಒಳಗೇ ಇದೆ. ಇನ್ನೊಂದನ್ನು 5ರಿಂದ 5.45ರೊಳಗೆ, ಅದು ರಾಹು, ಯಮಗಂಡ, ಗುಳಿಕ ಮೂರಕ್ಕೂ ಹೊರಗೆ. ಆಳ ಒಂದು ಸೆಂಟಿಮೀಟರ್. ಟ್ರೇಗಳ ಅಡಿಯಲ್ಲಿ ಗುರುತು ಬರೆದು, ಎಂಟನೇ ದಿನ ಎಣಿಸುವವರಿಗೆ ಯಾವುದು ಯಾವುದು ಅಂತ ಹೇಳಬೇಡಿ. ಇದೇ ಮುಖ್ಯ: ಗೊತ್ತಿದ್ದವರು ಎಣಿಸಿದರೆ ಅರ್ಧ ತಲೆಯೆತ್ತಿದ ಮೊಳಕೆಯನ್ನು ತಮಗೆ ಬೇಕಾದ ಕಡೆ ಸೇರಿಸ್ತಾರೆ, ಬೇಕಂತಲೇ ಮಾಡೋದಿಲ್ಲ, ಆಗಿಹೋಗುತ್ತೆ.

ನೂರಕ್ಕೆ 85 ಮೊಳೆಯುವ ಬೀಜ ಅಂತ ಇಟ್ಟುಕೊಂಡರೆ, ಎರಡು ಟ್ರೇಗಳ ನಡುವೆ 14 ಮೊಳಕೆಯವರೆಗಿನ ವ್ಯತ್ಯಾಸ ಬರೀ ಆಕಸ್ಮಿಕವಾಗಿಯೇ ಬರಬಹುದು. ಅದಕ್ಕಿಂತ ಹೆಚ್ಚು ಬಂದರೆ ಕುಣಿಯಬೇಡಿ, ಟ್ರೇಗಳ ಜಾಗ ಅದಲುಬದಲು ಮಾಡಿ ಇನ್ನೆರಡು ಮಂಗಳವಾರ ಮಾಡಿ. ಬಿಸಿಲು ಬೀಳುವ ಕಿಟಕಿ ಪಕ್ಕ ಇದ್ದ ಟ್ರೇ ಗೆಲ್ಲೋದು ಹೆಚ್ಚು. ಎಷ್ಟು ವ್ಯತ್ಯಾಸ ಬಂದರೆ ಒಪ್ಪೋದು ಅಂತ ಬಿತ್ತುವ ಮೊದಲೇ ಕಾಗದದ ಮೇಲೆ ಬರೆದು, ನಂಬುವವರು ನಂಬದವರು ಇಬ್ಬರೂ ಸಹಿ ಹಾಕಬೇಕು. ಎಣಿಸಿದ ಮೇಲೆ ‘ರಾಗಿಗೆ ರಾಹುಕಾಲ ಲೆಕ್ಕವಿಲ್ಲ, ಮನುಷ್ಯರಿಗೆ ಮಾತ್ರ’ ಅಂತ ಯಾರೂ ತಿರುಗಬಾರದಲ್ಲ, ಅದಕ್ಕೆ.

---

ಕಟ್ಟೆಪುರಾಣ:

ಎಲ್ಲರಿಗೂ ನಮಸ್ಕಾರ. ಇನ್ನೊಂದು ಉಳಿದಿದೆ. ಲಂಡನ್‌ನಲ್ಲಿರೋ ಕನ್ನಡದವರು ಯಾವ ಹೊತ್ತು ನೋಡಬೇಕು? ಊರಿಂದ ಫೋನ್ ಮಾಡಿ ‘ಈಗ ಹೊರಡಬೇಡ, ರಾಹುಕಾಲ’ ಅಂತಾರಲ್ಲ, ಆಗ ಅಲ್ಲಿನ್ನೂ ಕತ್ತಲು! ವಿಮಾನದಲ್ಲಿ ಇರೋರಿಗೆ ಯಾವ ಊರಿನದು?

---

ಗಳಿಗೆಬಟ್ಟಲು:

ಸೂತ್ರದಲ್ಲಿ ಸೂರ್ಯೋದಯ ಇದೆ ಅಂದಮೇಲೆ ನಿಂತ ನೆಲದ್ದೇ. ಊರಿನ ಹೊತ್ತನ್ನು ಅಲ್ಲಿಗೆ ಸಾಗಿಸೋದರಲ್ಲಿ ಅರ್ಥವಿಲ್ಲ: ಬೆಂಗಳೂರಿನ 10.30 ಅಂದರೆ ಚಳಿಗಾಲದ ಲಂಡನ್ನಿನಲ್ಲಿ ಬೆಳಗಿನ ಜಾವ 5. ಅಲ್ಲಿ ಸೂರ್ಯ ಹುಟ್ಟೋದೇ 8ರ ಮೇಲೆ.

ಲಂಡನ್ನಿನಲ್ಲಿ ಜೂನ್ 21ರ ಆಸುಪಾಸು ಸೂರ್ಯೋದಯ 4.43, ಸೂರ್ಯಾಸ್ತ ರಾತ್ರಿ 9.21. ಒಂದು ಪಾಲು ಸುಮಾರು 125 ನಿಮಿಷ. ಭಾನುವಾರದ ರಾಹುಕಾಲ ಸಂಜೆ 7.16ಕ್ಕೆ ಶುರು, ಗೋಡೆ ಕ್ಯಾಲೆಂಡರ್ ನೋಡಿ 6ರ ಮೇಲೆ ಊಟಕ್ಕೆ ಕರೆದವರ ನೆಂಟರು ಸರಿಯಾಗಿ ಅದರೊಳಗೇ ಬರ್ತಾರೆ. ಡಿಸೆಂಬರ್‌ನಲ್ಲಿ ಹಗಲೇ ಎಂಟು ಗಂಟೆಗಿಂತ ಕಮ್ಮಿ, ರಾಹುಕಾಲ 59 ನಿಮಿಷಕ್ಕೆ ಮುಗೀತು. ನಾರ್ವೆಯ ಟ್ರೋಮ್ಸೊದಲ್ಲಿ ಜೂನ್ ಪೂರ್ತಿ ಸೂರ್ಯ ಮುಳುಗಲ್ಲ, ಡಿಸೆಂಬರ್ ಪೂರ್ತಿ ಹುಟ್ಟಲ್ಲ, ಭಾಗಿಸೋಕೆ ಏನೂ ಸಿಗೋದಿಲ್ಲ. ಸಮೋವಾ ದೇಶ ದಿನಾಂಕ ರೇಖೆಯ ಆಚೆಯಿಂದ ಈಚೆಗೆ ಬಂದಾಗ 2011ರ ಡಿಸೆಂಬರ್ 30ನ್ನೇ ಬಿಟ್ಟಿತು, ಗುರುವಾರ ಮಲಗಿದವರು ಶನಿವಾರ ಎದ್ದರು. ಆ ಶುಕ್ರವಾರದ ನಾಲ್ಕನೇ ಪಾಲು ಅಲ್ಲಿ ಯಾರಿಗೂ ಸಿಗಲಿಲ್ಲ.

ವಿಮಾನದ್ದು ಇನ್ನೂ ಮಜಾ. ಟಿಕೆಟ್ಟಿನ ಹೊತ್ತು ವಿಮಾನ ಗೇಟಿನಿಂದ ಸರಿಯುವ ಹೊತ್ತು. ನೆಲ ಬಿಡೋದು ಅದಾಗಿ ಹತ್ತಿಪ್ಪತ್ತು ನಿಮಿಷಕ್ಕೆ. ಯಾವುದನ್ನು ಹೊರಟದ್ದು ಅಂತ ಹಿಡೀತೀರಿ ಅನ್ನೋದು ನಿಮಗೆ ಬಿಟ್ಟದ್ದು. ಮನೆಯಿಂದ ಮುಂಚೆಯೇ ಪ್ರಸ್ಥಾನ ಇಟ್ಟರೆ ಆಯ್ತು ಅನ್ನೋ ಪರಿಹಾರವೂ ಇದೆ: ಸೂಟ್‌ಕೇಸನ್ನು ಒಳ್ಳೆಯ ಹೊತ್ತಿನಲ್ಲಿ ಪಕ್ಕದ ಮನೆಯಲ್ಲಿಟ್ಟು ಬರೋದು.

ಹಾರುವಾಗ ಲೆಕ್ಕ ಹೀಗೆ. ಬೆಂಗಳೂರಿನಿಂದ ಲಂಡನ್ನಿಗೆ ರೇಖಾಂಶ ಸುಮಾರು 77.6 ಡಿಗ್ರಿ ಪಡುವಣಕ್ಕೆ, ಅಂದರೆ ಸೂರ್ಯನ ಲೆಕ್ಕದಲ್ಲಿ 5 ಗಂಟೆ 10 ನಿಮಿಷ. ಪ್ರಯಾಣ ಹತ್ತೂವರೆ ಗಂಟೆ ಅಂತ ಹಿಡಿದರೆ ಕಿಟಕಿಯಾಚೆ ಸೂರ್ಯ ಸರಿಯೋದು 5 ಗಂಟೆ 20 ನಿಮಿಷದಷ್ಟು ಮಾತ್ರ, ಅರ್ಧ ವೇಗ. ಗುರುವಾರ ಮಧ್ಯಾಹ್ನ ರಾಹುಕಾಲ ಶುರುವಾಗುವಾಗ ಏರಿದರೆ ಒಂದೂವರೆ ಗಂಟೆಯದ್ದು ಮೂರು ಗಂಟೆ ಹತ್ತಿರ ಎಳೆಯುತ್ತೆ. ಬರುವಾಗ ಮೂಡಣಕ್ಕೆ ಹಾರ್ತೀರಿ, ಹಗಲಿನ ವಿಮಾನವಾದರೆ ಅದೇ ರಾಹುಕಾಲ ಒಂದು ಗಂಟೆಯ ಸುಮಾರಿಗೆ ಮುಗಿಯುತ್ತೆ. ಬೇಗ ದಾಟಬೇಕು ಅನ್ನೋರು ಕಿಟಕಿ ಸೀಟಿಗೆ ದುಡ್ಡು ಹಾಕೋ ಬದಲು ಈ ದಿಕ್ಕಿಗೆ ಟಿಕೆಟ್ ತಗೊಳ್ಳಿ.